ಹೊಸ ಫಾದರ್ ತಂದ ಟೇಪು

ನಮ್ಮ ಮನೆಯಲ್ಲಿ ಇಸವಿ ಲೆಕ್ಕ ನಡೆಯುವುದಿಲ್ಲ, ಫಾದರ್ ಲೆಕ್ಕ. ದೇವನಹಳ್ಳಿ ಹತ್ತಿರದ ಚರ್ಚಿನ ಜಮೀನನ್ನು ತಾತನ ಅಜ್ಜನ ಕಾಲದಿಂದ ನಾವೇ ಗೇಣಿಗೆ ಉಳುತ್ತಿದ್ದೇವೆ. ಚರ್ಚಿಗೆ ಬರುವ ಪ್ರತಿ ಹೊಸ ಫಾದರ್ ಒಂದೊಂದು ಬೆಳೆಯ ಹುಚ್ಚು ಹೊತ್ತು ತರುತ್ತಿದ್ದರು. ಅವರಿಗೆ ವರ್ಗವಾಗುತ್ತಿತ್ತು, ಹೆಸರು ಮರೆತುಹೋಗುತ್ತಿತ್ತು, ಬೆಳೆ ಉಳಿಯುತ್ತಿತ್ತು. ಹಾಗಾಗಿ ಅತ್ತೆ ಹುಟ್ಟಿದ್ದು ಚಕ್ಕೋತ ಫಾದರ್ ಕಾಲದಲ್ಲಿ, ಅಪ್ಪ ಹಿಪ್ಪುನೇರಳೆ ಫಾದರ್ ಕಾಲದಲ್ಲಿ, ಲೋಕವೇ ಎದುರು ನೋಡುತ್ತಿದ್ದ ನಾನು ದ್ರಾಕ್ಷಿ ಫಾದರ್ ಕಾಲದಲ್ಲಿ.

ಎಲ್ಲರಿಗಿಂತ ಮೊದಲ ಫಾದರ್ ಹೇಗಿದ್ದರು ಎಂದು ತಿಳಿಯುವ ಚಪಲ ನನಗೆ. ತಾತನನ್ನು ಕೇಳಿದರೆ, "ಉದ್ದ ಗಡ್ಡ ಇತ್ತಂತೆ, ಹುಣಸೆ ನೆಡಿಸಿದ್ರಂತೆ," ಅಷ್ಟೇ. ಉಳಿದದ್ದನ್ನು ನಾನೇ ಸೇರಿಸಿ ಸ್ಕೂಲಿನಲ್ಲಿ ಹೇಳಿದೆ: ಆ ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಟಿತ್ತು, ಮರಿ ಹಾರಿಹೋಗುವವರೆಗೂ ಫಾದರ್ ಪ್ರಸಂಗವನ್ನು ಪಿಸುಮಾತಿನಲ್ಲೇ ಮಾಡಿದರು.

ಹೋದ ವರ್ಷ ಗುಲಾಬಿ ಫಾದರ್‌ಗೆ ವರ್ಗವಾಯಿತು. ಸುತ್ತಲ ಹೊಲಗಳಲ್ಲಿ ಆಗಲೇ ಲೇಔಟ್ ಕಲ್ಲುಗಳು ಎದ್ದಿದ್ದವು. ಬರುವವರು ನಮ್ಮದನ್ನೂ ಸೈಟು ಮಾಡಿಬಿಟ್ಟರೆ? ಆ ಭಯಕ್ಕೆ ತಾತ ಮುದ್ದೆಯನ್ನು ಅರ್ಧಕ್ಕೇ ಬಿಡತೊಡಗಿದ. ನಮ್ಮ ತಾತ ಮುದ್ದೆ ಬಿಡುವುದು, ಏರ್‌ಪೋರ್ಟಿನಲ್ಲಿ ವಿಮಾನ ಇಳಿಯದಿರುವುದು, ಎರಡೂ ಒಂದೇ.

ಹೊಸ ಫಾದರ್ ಭಾನುವಾರ ಪೂಜೆ ಮುಗಿಸಿ ಜಮೀನಿಗೆ ಬಂದರು. ನುಣ್ಣನೆಯ ಕೆನ್ನೆ, ಗುಬ್ಬಿ ಕೂತರೆ ಜಾರಬೇಕು. ಕಾರಿನಿಂದ ಇಳಿದವರ ಕೈಯಲ್ಲಿ ಅಳತೆ ಟೇಪು! ತಾತ ಹುಣಸೆಮರಕ್ಕೆ ಒರಗಿದ.

"ಏನಪ್ಪಾ, ಈ ತುದಿ ಸ್ವಲ್ಪ ಹಿಡ್ಕೋತೀಯಾ?" ಎಂದರು ನನಗೆ.

ಅಜ್ಜಿ ಹಿಂದಿನಿಂದ ಪಿಸುಗುಟ್ಟಿದಳು: "ಲೋ, ಸೊಟ್ಟಗೆ ಹಿಡ್ಕೊಳ್ಳೋ! ಒಂದ್ ಸೈಟೂ ನೆಟ್ಟಗೆ ಬರಬಾರ್ದು."

ನಾನು ಹಿಡಿದ ಸೊಟ್ಟಕ್ಕೆ ಟೇಪು ಹಾವಿನಂತೆ ಹೊರಳಿತು. ಫಾದರ್ ಗಮನಿಸಲೇ ಇಲ್ಲ. "ಇಲ್ಲೊಂದು ಕಂಬ, ಅಲ್ಲೊಂದು ಕಂಬ," ಎನ್ನುತ್ತಾ ನಡೆದರು.

ತಾತ ಮರ ಬಿಟ್ಟು ಅವರ ಹಿಂದೆಯೇ ಬಂದ. "ಕಾಂಪೌಂಡಾ ಸ್ವಾಮಿ?"

"ಕಾಂಪೌಂಡ್ ಯಾಕೆ?" ಫಾದರ್ ಕಾರಿನ ಡಿಕ್ಕಿ ತೆಗೆದು, ಗೋಣಿಚೀಲದಿಂದ ಹಸಿರು ಮುಳ್ಳಿನ ತುಂಡೊಂದನ್ನು ಮಗುವಿನಂತೆ ಎತ್ತಿದರು. "ಡ್ರ್ಯಾಗನ್ ಫ್ರೂಟ್, ತಾತ. ಕಂಬ ಇಲ್ದೆ ಏಳಲ್ಲ ಇದು. ನೀವು ಹ್ಞೂಂ ಅಂದ್ರೆ ಹಾಕೋಣ."

ಜೀವಮಾನವಿಡೀ ಬೇಲಿಯ ಕಳ್ಳಿ ಕಡಿದು ಎಸೆದಿದ್ದ ತಾತ ಆ ಕಳ್ಳಿಯಂಥದ್ದನ್ನು ಎರಡೂ ಕೈಯಲ್ಲಿ ಇಸಕೊಂಡ. "ನಾಳೆನೇ ಗುಂಡಿ ತೆಗೀತೀನಿ ಸ್ವಾಮಿ."

ಆಮೇಲೆ ಅಜ್ಜಿಯತ್ತ ಬಾಗಿ ಮೆಲ್ಲಗೆ ಹೇಳಿದ: "ಇವ್ರಿಗೂ ಬೆಳೆ ಹುಚ್ಚೈತೆ ಕಣೇ, ಜಮೀನು ಉಳೀತು. ಹೋಗು, ಮುದ್ದೆ ಇಕ್ಕು."