ಮೈಕಣ್ಣನ ಬಾಯಿ ಕಟ್ಟಿದ ಗುರುಗಳು

ಮೈಕಣ್ಣ ಜಗಳಗಂಟ, ಅದರಲ್ಲಿ ಎರಡು ಮಾತಿಲ್ಲ. ಪ್ರಾರ್ಥನಾ ಮಂದಿರದ ಮೈಕು, ಸ್ಪೀಕರು ನೋಡಿಕೊಳ್ಳುವುದು ಅವನ ಕೆಲಸ. ಬಿಡುವಿನಲ್ಲಿ ಮದುವೆಗಳಿಗೆ ಸೆಟ್ಟು ಬಾಡಿಗೆಗೆ ಕೊಡುತ್ತಿದ್ದ. ಹಿಂದಿನ ಗುರುಗಳದ್ದು ಮೈಕೇ ಬೇಡದ ಗಂಟಲು. ಮದುವೆಗಳಲ್ಲಿ ಸಿನಿಮಾ ಹಾಡು ಹಾಕಬೇಡ ಎಂದು ಒಮ್ಮೆ ತುಂಬಿದ ಸಭೆಯಲ್ಲಿ ಅವರು ಹರಿಹಾಯ್ದಾಗ, "ಹಾಗಾದ್ರೆ ನೀವೇ ಬಂದು ಹಾಡಿ ಸ್ವಾಮಿ" ಅಂದುಬಿಟ್ಟಿದ್ದ. ಜನ ಬಿದ್ದು ಬಿದ್ದು ನಕ್ಕಿದ್ದರು. ಆ ಗುರುಗಳು ಕೂಗುತ್ತಿದ್ದರು, ಜನ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು ತಮಗೆ ತೋಚಿದಂತೆ ಬದುಕುತ್ತಿದ್ದರು.

ಆಮೇಲೆ ಈಗಿನವರು ಬಂದರು. ಸಣ್ಣ ಆಳು, ಬೆಣ್ಣೆಯಂಥ ಮಾತು. ಕೊನೆಯ ಸಾಲಿಗೆ ಕೇಳಿಸಬೇಕಾದರೆ ಮೈಕಣ್ಣ ವಾಲ್ಯೂಮನ್ನು ತುದಿಯವರೆಗೆ ತಿರುಗಿಸಬೇಕು. ಆಗ ಫ್ಯಾನಿನ ಸದ್ದೂ ಮೈಕಿಗೆ ಸಿಗುತ್ತದೆಂದು ಅವರು ಬಾಯಿ ತೆರೆಯುವ ಮೊದಲೇ ಫ್ಯಾನೆಲ್ಲ ಆರಿಸುತ್ತಿದ್ದ. ಜನ ಬೆವರುತ್ತಾ, ಕೆಮ್ಮು ನುಂಗಿಕೊಂಡು ಕೂರುತ್ತಿದ್ದರು. ಅವರು ಹೇಳುತ್ತಿದ್ದುದೋ ಹಿಂದಿನವರು ಹೇಳಿದ್ದನ್ನೇ, ಇನ್ನೂ ಒಂದು ಕೈ ಮೇಲೆ: ಮತದ ಹೊರಗಿನವರನ್ನು ಮದುವೆಯಾದ ಮಕ್ಕಳು ಮತ್ತೆ ಹೆತ್ತವರ ಹೊಸ್ತಿಲು ತುಳಿಯಕೂಡದು. ಕೇಳಿದವರು ಕಣ್ಣೊರೆಸಿಕೊಂಡು, "ಎಂಥಾ ಕರುಣೆ ಅವರದ್ದು!" ಎನ್ನುತ್ತಾ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೈಕಣ್ಣನ ಒಬ್ಬಳೇ ಮಗಳು ಹಾಗೆ ಮದುವೆಯಾದವಳೇ. ಮದುವೆ ಆಗಿದ್ದು ಹಿಂದಿನ ಗುರುಗಳ ಕಾಲದಲ್ಲಿ. ಅವರ ಬೈಗುಳಕ್ಕೆ ಮನೆಯಲ್ಲಿ ಯಾರೂ ಸೊಪ್ಪು ಹಾಕಿರಲಿಲ್ಲ. ಅವಳು ಆಗಾಗ ಬಂದು ಉಂಡು ಹೋಗುತ್ತಿದ್ದಳು. ಹೊಸಬರು ಬಂದ ಮೇಲೆ ಮೈಕಣ್ಣನೇ ಬರಬೇಡ ಎಂದಿದ್ದ. ಈಗ ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ಡಾಕ್ಟರು ಕೈಚೆಲ್ಲಿದ ಮೇಲೆ ಅವಳದ್ದು ಒಂದೇ ಹಟ: "ಒಂದ್ಸಲ ಮಗಳ ಮುಖ ತೋರ್ಸಿಬಿಡ್ರೀ."

"ಇವತ್ತು ಇತ್ಯರ್ಥ ಮಾಡ್ಕೊಂಡೇ ಬರ್ತೀನಿ" ಎಂದು ಮೈಕಣ್ಣ ತೋಳೇರಿಸಿಕೊಂಡು ಗುರುಗಳ ಕೋಣೆಗೆ ನುಗ್ಗಿದ. ಅವರು ಎದ್ದು ಬಂದು ಕುರ್ಚಿ ಎಳೆದು ಕೂರಿಸಿದರು. ಹೆಂಡತಿಗೆ ರಾತ್ರಿ ನಿದ್ದೆ ಬರುತ್ತಾ, ಇವನ ಊಟಕ್ಕೆ ಏನು ವ್ಯವಸ್ಥೆ ಎಂದೆಲ್ಲ ವಿಚಾರಿಸಿದರು. ಇವನ ಕೈ ಹಿಡಿದು ಕಣ್ಣು ತುಂಬಿಕೊಂಡರು. "ನಿನ್ನ ಸಂಕಟ ನಂಗೆ ಗೊತ್ತಪ್ಪಾ. ಆದ್ರೆ ಅವಳು ಬರೋ ಹಾಗಿಲ್ಲ. ಈ ನೋವನ್ನ ನಾವಿಬ್ರೂ ಸೇರಿ ಹೊರೋಣ" ಎಂದರು. ಹೊರುವುದಂತೆ, ಸೇರಿಕೊಂಡು! ಸಾಯುತ್ತಿದ್ದವಳು ಅವರ ಹೆಂಡತಿಯೇ? ಆದರೆ ಮೈಕಣ್ಣನಿಗೆ ಆ ಮಾತು ಹೊಳೆಯಲೇ ಇಲ್ಲ. ಕೈ ಮುಗಿದು ಎದ್ದು ಬಂದ.

"ಏನಂದ್ರು?" ಹೆಂಡತಿ ಕೇಳಿದಳು.

"ಎಷ್ಟು ಚೆನ್ನಾಗಿ ಮಾತಾಡ್ಸಿದ್ರು ಗೊತ್ತಾ! ಕಣ್ಣಲ್ಲಿ ನೀರು ಹಾಕ್ಕೊಂಡ್ರು ಕಣೇ."

"ಅದಲ್ಲಾರೀ. ಹೂಂ ಅಂದ್ರಾ, ಊಹೂಂ ಅಂದ್ರಾ?"

ಮೈಕಣ್ಣ ಅವಳ ದಿಂಬು ಸರಿಮಾಡಿದ. ಅವಳು ಗೋಡೆಯ ಕಡೆ ಹೊರಳಿದಳು.

ಪಕ್ಕದ ಮನೆಯವರಿಂದ ಸುದ್ದಿ ತಿಳಿದು ಮಗಳು ಮರುದಿನ ಮಧ್ಯಾಹ್ನ ತಾನೇ ಓಡಿ ಬಂದಳು. ಕೂದಲು ಕೂಡ ಬಾಚಿರಲಿಲ್ಲ. ಮೈಕಣ್ಣ ಬಾಗಿಲಿಗೆ ಅಡ್ಡ ನಿಂತ.

"ಬಿಸಿಲಲ್ಲಿ ನಡ್ಕೊಂಡೇ ಬಂದ್ಯಾ ಮಗಳೇ? ಎಷ್ಟು ಸೊರಗಿದ್ದೀಯಾ." ಅವನ ದನಿ ಬೀದಿಗೂ ಕೇಳಿಸುವಂತಿರಲಿಲ್ಲ. "ಒಳಗೆ ಬರೋ ಹಾಗಿಲ್ಲಮ್ಮಾ. ನಂಗೂ ಸಂಕಟ ಆಗುತ್ತೆ, ಏನ್ ಮಾಡೋದು ಹೇಳು."

ಮಗಳು ಅವನ ಮುಖವನ್ನೇ ನೋಡಿದಳು. "ಬೈಯಪ್ಪಾ. ಬಾಯಿಗೆ ಬಂದ ಹಾಗೆ ಬೈದುಬಿಡು. ಆಗ ನಿನ್ನ ತಳ್ಕೊಂಡಾದ್ರೂ ಒಳಗೆ ಹೋಗ್ತೀನಿ. ಹೀಗೆ ಮಾತಾಡಿದ್ರೆ ನಾನೇನ್ ಮಾಡ್ಲಿ?"

ಅವನು ಅವಳ ತಲೆ ಸವರಿದ. "ಜೋಪಾನವಾಗಿ ಹೋಗು" ಎಂದು ಸದ್ದಾಗದ ಹಾಗೆ ಚಿಲಕ ಹಾಕಿದ.

"ಯಾರ್ರೀ ಬಂದಿದ್ದು?" ಒಳಗಿನಿಂದ ಹೆಂಡತಿ ಕೇಳಿದಳು.

"ಯಾರೂ ಇಲ್ಲ ಕಣೇ" ಎಂದ ಮೈಕಣ್ಣ. "ಮಲ್ಕೋ."