ಉಸಿರು ಮೇಷ್ಟ್ರ ಕಾಫಿ

ಆಸ್ಪತ್ರೆಯ ಎಂಆರ್‌ಐ ಕೋಣೆಯಲ್ಲಿ ಗಾಜಿನ ಈಚೆ ಕೂತು, ಮೈಕಿನಲ್ಲಿ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎನ್ನುತ್ತಲೇ ಹತ್ತೊಂಬತ್ತು ವರ್ಷ ಕಳೆದವನಿಗೆ ಎಲ್ಲರೂ ಉಸಿರು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಹೃದಯದ ಪರೀಕ್ಷೆಗೆ ಬರುವವರು ಹಿಂದಿನ ದಿನದಿಂದ ಕಾಫಿ, ಟೀ ಮುಟ್ಟಿರಬಾರದು. ಕುಡಿದಿದ್ದರೆ ರಕ್ತದ ಓಟ ಹೆಚ್ಚಿಸಲು ಕೊಡುವ ಔಷಧಿ ನಾಟುವುದಿಲ್ಲ. ರಕ್ತನಾಳ ಕಟ್ಟಿಕೊಂಡಿದ್ದರೂ ಚಿತ್ರದಲ್ಲಿ ಎಲ್ಲ ನೆಟ್ಟಗೇ ಕಾಣುತ್ತದೆ. ಅದಕ್ಕೇ ಈ ಪುಣ್ಯಾತ್ಮ ಒಬ್ಬೊಬ್ಬರನ್ನೂ ಮೂರು ಮೂರು ಸಲ ಕೇಳಿ ತಲೆ ತಿನ್ನುತ್ತಿದ್ದ.

ಕೇಳದೆ ಬಿಟ್ಟದ್ದು ಒಬ್ಬರನ್ನೇ, ಅಕ್ಕನ ಗಂಡನನ್ನು. ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಯುವ ಭಾವ ಎದೆನೋವೆಂದು ಪರೀಕ್ಷೆಗೆ ಬಂದು ಇವನ ಮನೆಯಲ್ಲೇ ಉಳಿದಿದ್ದರು. ಮನೆಯವರೇ ಅಲ್ಲವೇ ಎಂದು, ಕಾಗದದಲ್ಲಿದ್ದ ಪ್ರಶ್ನೆಗಳಿಗೆಲ್ಲ ತಾನೇ 'ಇಲ್ಲ' ಎಂದು ಗುರುತು ಹಾಕಿ ಒಳಗೆ ಮಲಗಿಸಿದ. ವರದಿ ಬಂತು: ರಕ್ತದ ಓಟಕ್ಕೆ ಅಡ್ಡಿಯಿಲ್ಲ. ಭಾವ ಖುಷಿಯಿಂದ ಊರಿಗೆ ಹೊರಟರು.

ಸಂಜೆ ಮನೆಗೆ ಬಂದರೆ ಸಿಂಕಿನಲ್ಲಿ ಎರಡು ಲೋಟ. ಆಗ ನೆನಪಾಯಿತು: ಬೆಳಿಗ್ಗೆ ನಿದ್ದೆಗಣ್ಣಲ್ಲಿ ಎಂದಿನಂತೆ ಕಾಫಿ ಮಾಡಿ ಭಾವನ ಕೈಗೂ ಕೊಟ್ಟಿದ್ದ. ಆಸ್ಪತ್ರೆಯವನೇ ಕೊಟ್ಟ ಮೇಲೆ ಕುಡಿಯಬಹುದೆಂದು ಅವರೂ ಕುಡಿದಿದ್ದರು.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಕೇಳದೆಯೇ ಗುರುತು ಹಾಕಿದ್ದು ಗೊತ್ತಾದರೆ ಇಷ್ಟು ವರ್ಷದ ಮರ್ಯಾದೆ ಮಣ್ಣುಪಾಲು. ಎರಡು ದಿನ ಡಾಕ್ಟರ ಕೋಣೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದ. ಮೂರನೆಯ ದಿನ ಅಕ್ಕ ಫೋನ್ ಮಾಡಿದಳು.

"ನಿನ್ನಿಂದ ಹೋದ ಜೀವ ಬಂದ ಹಾಗಾಯ್ತು ಕಣೋ. ನಾಳೆಯಿಂದ ನಾಲ್ಕನೇ ಮಹಡಿ ಕೆಲಸ ಒಪ್ಕೊಂಡಿದ್ದಾರೆ."

ಅವಳ ಸಂತೋಷ ಕೇಳಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅಕ್ಕಾ, ಭಾವನ್ನ ಏಣಿ ಹತ್ತೋಕೆ ಬಿಡಬೇಡ. ತಪ್ಪು ನಂದು," ಎಂದು ಎಲ್ಲವನ್ನೂ ಹೇಳಿಬಿಟ್ಟ.

"ಗೊತ್ತಿದ್ದೂ ಎರಡು ದಿನ ಸುಮ್ನಿದ್ಯಾ?" ಎಂದವಳೇ ಫೋನಿಟ್ಟಳು.

ಡಾಕ್ಟರಿಗೂ ಹೇಳಿದ. ಅವರು ಚೆನ್ನಾಗಿ ಉಗಿದು ಮರುಪರೀಕ್ಷೆಗೆ ಬರೆದರು. ಮೈಕಿನ ಮುಂದೆ ಬೇರೆಯವರನ್ನು ಕೂರಿಸುತ್ತಿದ್ದರೇನೋ, ಭಾವ ಒಪ್ಪಲಿಲ್ಲ. "ನಮ್ಮ ಮೇಷ್ಟ್ರೇ ಇರ್ಲಿ ಬಿಡಿ," ಎಂದು ಹಟ ಹಿಡಿದರು. ಬೈದಿದ್ದರೆ ಇವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಈ ಸಲ ಪರದೆಯ ಮೇಲೆ ಹೃದಯದ ಒಂದು ಬದಿಗೆ ಕಪ್ಪು ಪಟ್ಟಿ ಮೂಡಿತು. ಅಲ್ಲಿಗೆ ರಕ್ತ ಸರಿಯಾಗಿ ತಲುಪುತ್ತಿರಲಿಲ್ಲ. ಅದನ್ನೇ ನೋಡುತ್ತ ಕೂತವನು "ಬಿಡಿ" ಎನ್ನುವುದನ್ನೇ ಮರೆತ.

ಯಂತ್ರದೊಳಗಿಂದ ಏದುಸಿರು ಕೇಳಿಸಿತು.

"ಬಿಟ್ಟೆ ಕಣಯ್ಯಾ! ನಿನ್ನ ನಂಬ್ಕೊಂಡ್ರೆ ಸತ್ತೇ ಹೋಗ್ತೀನಿ," ಎಂದು ಭಾವ ನಕ್ಕರು.

ಅವರು ತಮಾಷೆಗೆ ಅಂದದ್ದು. ಇವನು ಮೈಕಿನ ಗುಂಡಿ ಒತ್ತಿ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಎಂದ, ಈ ಸಲ ಮರೆಯಬಾರದೆಂದು ತಾನೂ ಉಸಿರು ಹಿಡಿದು ಕೂತ.