ಏಳನೇ ಗೆರೆ

ಗೇಜ್ ಕಾಕಾ ಕುಳಿತರೂ ಅವರ ಬಲಗಾಲು ಕೂಡುತ್ತಿರಲಿಲ್ಲ. ಮೊಣಕಾಲು ಒಂದೇ ಸಮನೆ ಕುಣಿಯುತ್ತಿತ್ತು, ಧೋತರದ ಅಂಚು ಅಲುಗುತ್ತಿತ್ತು, ಕೈಯಲ್ಲಿದ್ದ ಬಸಿಯ ಚಹಾ ತುಳುಕುತ್ತಿತ್ತು. ಮುದ್ದೇಬಿಹಾಳದಲ್ಲಿ ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಲು ಹೋದ ದಿನ ನಾನು ಅವರ ಮುಖಕ್ಕಿಂತ ಹೆಚ್ಚಾಗಿ ಆ ಕಾಲನ್ನೇ ನೋಡಿದ್ದೆ. ಅವರ ಹೆಂಡತಿ, ಓಣಿಗೆಲ್ಲ ಕಾಕು, ನನ್ನ ನೋಟ ಹಿಡಿದುಬಿಟ್ಟರು.

"ಅದಕ್ಕ ಲಕ್ಷ್ಯ ಕೊಡಬ್ಯಾಡ್ರಿ ಅಕ್ಕೋರ. ಅವರು ರಿಟೈರ್ ಆದ್ರೂ ಕಾಲು ಇನ್ನೂ ಡ್ಯೂಟಿ ಮಾಡಾಕತ್ತೈತಿ."

ಶಾಲೆಯಲ್ಲಿ ಕಲಿಸುವವಳಾದ್ದರಿಂದ ನಾನು ಎಲ್ಲರಿಗೂ ಅಕ್ಕೋರು. ಕಾಕಾ ಕಾಲುವೆಯ ಗೇಜ್ ನೋಡುವವರಾಗಿದ್ದರು. ಗೇಟಿನ ಬಳಿ ನೆಟ್ಟ ಅಳತೆಪಟ್ಟಿಯಲ್ಲಿ ನೀರು ಎಲ್ಲಿಯವರೆಗೆ ಬಂದಿದೆ ಎಂದು ದಿನಕ್ಕೆ ಮೂರು ಸಲ ನೋಡಿ, ವಹಿಯಲ್ಲಿ ಬರೆದು, ಫೋನಿನಲ್ಲಿ ಮೇಲಿನವರಿಗೆ ತಿಳಿಸುವುದು ಅವರ ನೌಕರಿ. ಆ ಚಟ ಹೋಗಿರಲಿಲ್ಲ. ಮಾಳಿಗೆಯ ನೀರಿನ ಟಾಕಿ, ಕಾಕುವಿನ ಹಾಲಿನ ಪಾತ್ರೆ, ನನ್ನ ಸ್ಕೂಟಿಯ ಪೆಟ್ರೋಲು, ಎಲ್ಲಕ್ಕೂ ಅವರದು ಒಂದೇ ಪ್ರಶ್ನೆ: "ಲೆವೆಲ್ ಎಷ್ಟೈತಿ?"

ನಾನೂ ಒಂದು ಕಡೆ ನಿಂತವಳಲ್ಲ. ಇಂಡಿಯಲ್ಲಿ ಕೆಲಸಕ್ಕೆ ಸೇರಿದೆ, ಬಸವನ ಬಾಗೇವಾಡಿಗೆ ಹೋದೆ, ಅಲ್ಲಿಂದ ಸಿಂದಗಿಗೆ. ಸಿಂದಗಿಯಲ್ಲಿ ನನ್ನ ಅಕ್ಕನ ಮನೆಯಲ್ಲೇ ಇದ್ದೆ. ಅಕ್ಕ ತೀರಿಕೊಂಡ ಮೇಲೆ ಆ ಊರು ಬೇಡವಾಯಿತು, ವರ್ಗ ಕೇಳಿ ಮುದ್ದೇಬಿಹಾಳಕ್ಕೆ ಬಂದೆ. ಅವಳ ಮನೆಯಿಂದ ತಂದದ್ದು ಒಂದೇ ಒಂದು, ಅವಳು ಬೆಳೆಸಿದ್ದ ಆರ್ಕಿಡ್ ಗಿಡ. ತೊಗಟೆಯ ಚೂರುಗಳಲ್ಲಿ ಬೇರು ಬಿಟ್ಟಿತ್ತು, ವರ್ಷಕ್ಕೊಮ್ಮೆ ನೇರಳೆ ಹೂ ಕೊಡುತ್ತಿತ್ತು. ಇದೊಂದು ನನ್ನ ಕೈಯಲ್ಲಿ ಸಾಯಬಾರದು ಎಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದೆ.

ಮಹಡಿಯ ಕಾವಿಗೆ ಅದು ಸೊರಗತೊಡಗಿತು. ಬೆಳಿಗ್ಗೆ ನೀರು ಹಾಕಿ ಶಾಲೆಗೆ ಹೋದರೆ ಮಧ್ಯಾಹ್ನಕ್ಕೆ ತೊಗಟೆ ಕರಕಲು. ಟಾಕಿ ನೋಡಲು ಮೇಲೆ ಬಂದ ಕಾಕಾ ಒಂದು ದಿನ ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

"ಅಕ್ಕೋರ, ಇದಕ್ಕ ಟಾಕೀನ ಇಲ್ಲಲ್ರಿ! ಮುಂಜಾನೆ ಕುಡೀತೈತಿ, ಮಧ್ಯಾಹ್ನ ಉಪಾಸ."

ಅಂದಿನಿಂದ ಅವರ ಫೋನಿನಲ್ಲಿ ಬರೀ ಆರ್ಕಿಡ್ ವಿಡಿಯೋ. ಯಾವ್ಯಾವುದೋ ಭಾಷೆ, ಓಣಿಗೆಲ್ಲ ಕೇಳುವಷ್ಟು ಜೋರು. ಅವರಿಗೆ ಮಾತು ಬೇಕಾಗಿರಲಿಲ್ಲ, ನೀರು ಎಲ್ಲಿ ನಿಂತಿದೆ ಎಂಬುದನ್ನಷ್ಟೇ ನೋಡುತ್ತಿದ್ದರು. ಒಂದು ಭಾನುವಾರ ಉಪ್ಪಿನಕಾಯಿಯ ಪಾರದರ್ಶಕ ಡಬ್ಬಿ ತಂದರು. ಮೊಳೆ ಕಾಯಿಸಿ ಪಕ್ಕದಲ್ಲಿ, ತಳಕ್ಕಿಂತ ಮೂರು ಬೆರಳು ಮೇಲೆ, ತೂತು ಹಾಕಿದರು. ಮನೆ ತುಂಬ ಸುಟ್ಟ ಪ್ಲಾಸ್ಟಿಕ್ ವಾಸನೆ, ಕಾಕುವಿನ ಬೈಗುಳ. ತಳದಿಂದ ತೂತಿನವರೆಗೆ ಹತ್ತು ಗೆರೆ ಎಳೆದರು. ಗೋಲಿಯಷ್ಟು ದಪ್ಪದ ಸುಟ್ಟ ಮಣ್ಣಿನ ಗುಂಡುಗಳನ್ನು ತೊಳೆದು, ನೆನೆಸಿ, ತೊಗಟೆಯಿಂದ ಬಿಡಿಸಿದ ಗಿಡವನ್ನು ಡಬ್ಬಿಯಲ್ಲಿಟ್ಟು ಸುತ್ತ ತುಂಬಿದೆವು. ತಳದಲ್ಲಿ ನೀರು ನಿಲ್ಲುತ್ತದೆ, ಗುಂಡುಗಳು ಅದನ್ನು ಮೇಲಕ್ಕೆ ಹೀರುತ್ತವೆ, ಹೆಚ್ಚಾದದ್ದು ತೂತಿನಿಂದ ಹೊರಗೆ. ಬೋರಿನ ಸವಳು ನೀರು ಕೂಡದು, ಫಿಲ್ಟರ್ ನೀರೇ ಆಗಬೇಕು. ಹೊಸ ಬೇರು ಚಿಗುರುವಾಗಲೇ ಗಿಡದ ಕುಂಡ ಬದಲಿಸಬೇಕು ಎಂದು ಒಂದು ವಿಡಿಯೋದಲ್ಲಿ ತೋರಿಸಿದ್ದರು. ಅಲ್ಲಿಯವರೆಗೆ ಕಾಯುವ ಸಹನೆ ಇಬ್ಬರಿಗೂ ಇರಲಿಲ್ಲ.

ವಾರ ಕಳೆಯುವುದರಲ್ಲಿ ಎಲೆ ಸುಕ್ಕಾಯಿತು. ನಾನು ದಿನಾ ಗಿಡವನ್ನು ಎತ್ತಿ ಬೇರು ನೋಡತೊಡಗಿದೆ. ಕಾಕಾ ಸಿಟ್ಟಾದರು.

"ದಿನಾ ಕಿತ್ತು ನೋಡಿದ್ರ ಅದು ಕೂಡೂದರ ಯಾವಾಗ್ರಿ?"

"ನಿಮ್ಮ ಕಾಲು ಕೂಡತೈತೇನ್ರಿ ಕಾಕಾ? ಮೊದಲ ಅದನ್ನ ಹೇಳ್ರಿ."

ಅವರು ನಕ್ಕರು, ಆದರೆ ಪಟ್ಟು ಬಿಡಲಿಲ್ಲ. ನನಗೊಂದು ವಹಿ ಕೊಟ್ಟರು. ಗಿಡ ಮುಟ್ಟಕೂಡದು, ಮುಂಜಾನೆ ಏಳಕ್ಕೆ ನೀರು ಯಾವ ಗೆರೆಯಲ್ಲಿದೆ ನೋಡಿ ಬರೆಯಬೇಕು, ಅಷ್ಟೇ. ಅವರು ಕೆಳಗಿನ ಕಟ್ಟೆಯಿಂದ "ಲೆವೆಲ್?" ಎಂದು ಕೂಗುವರು, ನಾನು ಮೇಲಿನಿಂದ "ಎಂಟು ಕಾಕಾ" ಎನ್ನುವೆ. ಓಣಿಯವರಿಗೆ ಅದೊಂದು ತಮಾಷೆ.

ಬೇಸಿಗೆಯ ಬಿಸಿಲು ಏರಿದಾಗ ಕಾಕಾಗೆ ಎದೆನೋವು ಬಂತು, ವಿಜಯಪುರದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದಲೂ ಏಳಕ್ಕೆ ಸರಿಯಾಗಿ ಫೋನು. ಅದೇ ವಾರ ಗಿಡದ ಎಲೆಗಳು ಒಂದೊಂದಾಗಿ ಹಳದಿಯಾಗಿ ಉದುರಿದವು. ನನಗೆ ನೋಡಲಾಗಲಿಲ್ಲ. ಡಬ್ಬಿಯ ಮೇಲೆ ಹಳೆಯ ಸೀರೆಯ ತುಂಡು ಹೊದಿಸಿ ಮುಖ ತಿರುಗಿಸಿಬಿಟ್ಟೆ. ಫೋನು ಬಂದಾಗ "ಏಳು" ಎಂದೆ. ಮರುದಿನವೂ ಏಳು. ಮೂರನೆಯ ದಿನವೂ ಏಳು ಎಂದಾಗ ಕಾಕಾ ಸುಳ್ಳು ಹಿಡಿದರು.

"ಅಕ್ಕೋರ, ಈ ಬಿಸಲಾಗ ಹೊಳೀ ನೀರ ನಿಲ್ಲಂಗಿಲ್ಲ, ನಿಮ್ಮ ಡಬ್ಬೀ ನೀರು ಹೆಂಗ ನಿಂತೈತ್ರಿ? ನೀವು ನೋಡೇ ಇಲ್ಲ."

ಎಲೆ ಉದುರಿದ್ದನ್ನೂ ಡಬ್ಬಿಗೆ ಬಟ್ಟೆ ಹೊದಿಸಿದ್ದನ್ನೂ ಒಪ್ಪಿಕೊಂಡೆ. ಕಾಕಾ ಬೈಯಲಿಲ್ಲ. ದನಿ ಇಳಿಸಿ, ತಡೆತಡೆದು ಹೇಳಿದರು.

"ಒಮ್ಮಿ ನಾನೂ ಹಿಂಗ ಮಾಡೀನ್ರಿ. ಗೆಳ್ಯಾನ ಮಗಳ ಮದವಿಯೊಳಗ ಕುಂತಬಿಟ್ಟೆ. ಗೇಜ್ ನೋಡಾಕ ಹೋಗಲಿಲ್ಲ, ದಿನಾ ಬರಿಯೂದನ್ನ ಬರದೆ. ಅವತ್ತ ನೀರು ಏರಿತ್ತು. ಕಾಲುವಿ ಒಡ್ಡು ಒಡದು ಒಬ್ಬಾಂವನ ಉಳ್ಳಾಗಡ್ಡಿ ಹೊಲ ಎಲ್ಲಾ ಹೋತು. ನನಗ ಯಾರೂ ಏನೂ ಅನ್ನಲಿಲ್ಲ. ವಹಿಯೊಳಗ ಎಲ್ಲಾ ಸರೀನ ಇತ್ತಲ್ರಿ. ಅವತ್ತಿನಿಂದ ಈ ಕಾಲು ಕೂಡವಲ್ದು."

ಅವರು ಉಸಿರು ತೆಗೆದುಕೊಂಡು ಮತ್ತೆ ಅಂದರು, "ಹೋಗ್ರಿ, ಅರಿವಿ ತಗದು ನೋಡ್ರಿ. ಸತ್ತಿದ್ರ ಸತ್ತೈತಿ ಅಂತ ಬರೀರಿ. ಖರೇ ಲೆವೆಲ್ ಗೊತ್ತಾದ್ರ ಮುಂದಿಂದು ಮಾಡಾಕ ಬರ್ತೈತಿ."

ಫೋನು ಕಿವಿಗೆ ಹಿಡಿದೇ ಬಟ್ಟೆ ತೆಗೆದೆ. ನೀರು ಮೂರನೇ ಗೆರೆಗೆ ಇಳಿದಿತ್ತು. ಎರಡು ಎಲೆ ಉಳಿದಿದ್ದವು. ಅಕ್ಕನ ಕೈಯಲ್ಲಿ ಬೆಳೆದ ಬೇರುಗಳೆಲ್ಲ ಕಪ್ಪಾಗಿ ಮೆತ್ತಗಾಗಿದ್ದವು. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಕಾಕಾ ಒಂದೊಂದಾಗಿ ಮಾಡಿಸಿದರು: ಕೊಳೆತ ಬೇರು ಕತ್ತರಿಸುವುದು, ಗುಂಡುಗಳನ್ನು ಫಿಲ್ಟರ್ ನೀರಿನಲ್ಲಿ ತೊಳೆಯುವುದು, ಗಿಡವನ್ನು ಮತ್ತೆ ಕೂರಿಸಿ ನೀರು ಐದನೇ ಗೆರೆಗೆ ಬಿಡುವುದು, ಎಲೆಯ ಮೇಲೆ ಪಾರದರ್ಶಕ ಚೀಲ ಕವುಚಿ ನೆರಳಿಗಿಡುವುದು. ಮುಗಿದ ಮೇಲೆ, "ಈಗ ಕೈ ಕಟ್ಟಿಕೊಂಡು ಕುಂದರ್ರಿ," ಎಂದರು. ಅದರಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ನಡೆದೇ ದಿನ ದೂಡಿದೆ. ಆದರೆ ಗಿಡ ಮುಟ್ಟಲಿಲ್ಲ. ಪ್ರತಿ ಮುಂಜಾನೆ ನೋಡಿಯೇ ಬರೆದೆ.

ಕಾಕಾ ಮನೆಗೆ ಬಂದ ದಿನ ಓಡಿ ಕೆಳಗಿಳಿದೆ. ಕಟ್ಟೆಯ ಮೇಲೆ ಕುಳಿತಿದ್ದರು. ಧೋತರದ ಅಂಚು ಅಲುಗುತ್ತಿರಲಿಲ್ಲ. ಬಸಿಯ ಚಹಾ ನಿಂತಿತ್ತು. ಆ ಕಾಲು ಸುಮ್ಮನಿರುವುದನ್ನು ಕಂಡು ನನಗೆ ಭಯವಾಯಿತು. ಕಾಕು ನನ್ನ ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

ಇಪ್ಪತ್ತು ದಿನದ ಮೇಲೆ ಡಬ್ಬಿಯ ಗೋಡೆಗೆ ಒತ್ತಿಕೊಂಡು, ಎರಡು ಗುಂಡುಗಳ ನಡುವೆ, ಹಸಿರು ತುದಿಯೊಂದು ಕಂಡಿತು. ಡಬ್ಬಿ ಎತ್ತಿಕೊಂಡು ಹೋಗಿ ಅವರ ತೊಡೆಯ ಮೇಲಿಟ್ಟೆ. ಬಹಳ ಹೊತ್ತು ಬೆರಳಿಟ್ಟು ನೋಡಿದರು.

"ಇದು ಈ ನೀರಾಗ ಹುಟ್ಟಿದ ಬೇರ್ರಿ ಅಕ್ಕೋರ. ಹಳೇ ಬೇರಿಗೆ ಈ ನೀರು ಪರವೂರ ಆಗಿತ್ತು. ಇದಕ್ಕ ಇದ ಊರು." ಆಮೇಲೆ ಕೇಳಿದರು, "ಲೆವೆಲ್?"

"ಏಳ್ರಿ."

"ಖರೇ ಏಳು?"

"ಖರೇ ಏಳ್ರಿ ಕಾಕಾ."

ಅವರು ಕತ್ತು ಬಗ್ಗಿಸಿ ತಾವೇ ಗೆರೆ ನೋಡಿ ತಲೆಯಾಡಿಸಿದರು.

ಕಾಕಾ ಹೋದದ್ದು ಅದಾದ ಒಂಬತ್ತನೆಯ ದಿನ, ನಸುಕಿನಲ್ಲಿ. ಕಾಕುವಿನ ಕೂಗು ಕೇಳಿ ಇಳಿದವಳು ದಿನವೆಲ್ಲ ಅವರ ಪಕ್ಕದಲ್ಲೇ ಇದ್ದೆ. ಈಗ ಗಿಡದಲ್ಲಿ ನಾಲ್ಕು ಎಲೆಗಳಿವೆ, ಬೇರುಗಳು ಡಬ್ಬಿಯ ತಳ ಮುಟ್ಟಿವೆ, ಹೂ ಇನ್ನೂ ಬಂದಿಲ್ಲ. ನಾನು ಇವತ್ತಿಗೂ ಏಳಕ್ಕೆ ನೋಡಿ ಬರೆಯುತ್ತೇನೆ. ಕೆಳಗಿನಿಂದ ಯಾರೂ ಕೂಗುವುದಿಲ್ಲ.

ಅವರು ಹೋದ ಮರುದಿನ ವಹಿ ತೆರೆದಾಗ ಅವರು ಹೋದ ದಿನದ ಸಾಲು ಬಿಟ್ಟುಹೋಗಿತ್ತು. ಅದರ ಹಿಂದಿನ ದಿನ ಎಂಟು, ಮರುದಿನ ಆರು. ನಡುವೆ ಏಳೇ ಇದ್ದಿರಬೇಕು, ನನ್ನ ಶಾಲೆಯ ಒಂದನೆಯ ಇಯತ್ತೆಯ ಮಕ್ಕಳೂ ಹೇಳಿಯಾರು. ಪೆನ್ನು ಹಿಡಿದು ಕುಳಿತೆ. ಆದರೆ ನಾನು ನೋಡಿರಲಿಲ್ಲ. ಆ ಸಾಲು ಖಾಲಿಯಾಗಿಯೇ ಇದೆ.